ಕೊನೆಯ ಬೋಲ್ಟು

ಮಾರ್ಚ್ ೯, ಭಾನುವಾರ

ಇವತ್ತೂ ಕಾರು ಸ್ಟಾರ್ಟ್ ಆಗಲಿಲ್ಲ. ಆಗದಂತೆ ನೋಡಿಕೊಂಡವಳು ನಾನೇ.

"ಎಂಜಿನ್ನು, ಗೇರ್‌ಬಾಕ್ಸು ಎರಡೂ ಬದಲಿಸೋಕೆ ಎರಡು ಭಾನುವಾರ ಸಾಕು ಕಣೇ" ಅಂದಿದ್ದರು ಇವರು. ಹಳೆಯದನ್ನು ಬಿಚ್ಚಿಟ್ಟರು. ಹೊಸದನ್ನು ಕೂರಿಸುವ ಮೊದಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟರು.

ರಟ್ಟಿನ ಮೇಲೆ ಗೇರ್‌ಬಾಕ್ಸಿನ ಚಿತ್ರ ಬರೆದು, ಯಾವ ಬೋಲ್ಟು ಎಲ್ಲಿಯದೋ ಅಲ್ಲೇ ಚುಚ್ಚಿಟ್ಟಿದ್ದರು. ಅದನ್ನು ನೋಡಿಕೊಂಡೇ ಮೈದುನ ಇಷ್ಟು ದಿನ ಒಬ್ಬನೇ ಒದ್ದಾಡಿದ. ಇವತ್ತು ರಟ್ಟು ಖಾಲಿಯಾಯಿತು.

"ಒಂದು ಬೋಲ್ಟ್ ಇಲ್ವಲ್ಲ ಅತ್ತಿಗೆ! ಅದಿಲ್ದೆ ಸ್ಟಾರ್ಟ್ ಮಾಡೋ ಹಾಗಿಲ್ಲ."

"ಎಲ್ಲೋ ಉರುಳಿರಬೇಕು ಕಣೋ."

ಪಾಪ, ಟಾರ್ಚ್ ಹಿಡಿದು ಕಾರಿನ ಕೆಳಗೆಲ್ಲ ತೆವಳಿದ, ಥೇಟ್ ಅಣ್ಣನ ಹಾಗೇ ಗೊಣಗುತ್ತಾ. ನಾನೂ ಬಗ್ಗಿ ಹುಡುಕಿದೆ, ಬೋಲ್ಟನ್ನು ಮುಷ್ಟಿಯಲ್ಲಿ ಬಿಗಿಹಿಡಿದುಕೊಂಡೇ.

"ಹೋಗ್ಲಿ ಬಿಡಿ, ನಾಳೆ ಹೊಸದು ತರ್ತೀನಿ. ಅಲ್ಲಿಗೆ ಅಣ್ಣನ ಕೆಲಸ ಮುಗೀತು."

ಮುಗಿಯಿತಂತೆ! ಶೆಡ್ಡಿನಲ್ಲಿ ಕೆಲಸ ಬಾಕಿ ಇರುವವರೆಗೂ ಇವರು ಊಟಕ್ಕೆ ಒಳಗೆ ಬಂದಾರು ಅಂತ ಕಿವಿ ಬಾಗಿಲಲ್ಲೇ ಇರುತ್ತದೆ. ಇದನ್ನು ಯಾವ ಬಾಯಲ್ಲಿ ಅವನಿಗೆ ಹೇಳಲಿ?

ಬೋಲ್ಟು ದಿಂಬಿನ ಕೆಳಗಿದೆ. ಅಂಗೈಗೆಲ್ಲ ಗ್ರೀಸು. ಇದೇ ಗ್ರೀಸಿನ ಕೈಯಲ್ಲಿ ಹಾಸಿಗೆ ಮುಟ್ಟಿದರೆ ಎಷ್ಟು ಬೈಯುತ್ತಿದ್ದೆ ಇವರಿಗೆ.

ತೊಳೆದುಕೊಳ್ಳದೆ ಮಲಗುತ್ತಿದ್ದೇನೆ.