ಎಡಗಡೆಯ ಅಳತೆ

ಜನವರಿ 21, ಬುಧವಾರ

ಆಫೀಸಿನಿಂದ ಬಂದವಳೇ ಕಾಫಿ ಕೂಡ ಕುಡಿಯದೆ ಬೀರು ಜಾಲಾಡಿದೆ. ಅಳತೆ ಬ್ಲೌಸ್ ಸಿಕ್ಕಿತು — ಪುಣ್ಯ! ಅದಿಲ್ಲದೆ ಯಾವ ಟೈಲರ್ ಅಂಗಡಿಯ ಮೆಟ್ಟಿಲೂ ಹತ್ತುವುದಿಲ್ಲ. ನನ್ನ ಎಡಗಡೆಯ ಎದೆ ಬಲಗಡೆಯದಕ್ಕಿಂತ ದೊಡ್ಡದು. ಯಾರಾದರೂ ಟೇಪು ಹಿಡಿದು ಅಳೆದರೆ ನಾಚಿಕೆಯಿಂದ ಸತ್ತೇ ಹೋಗುತ್ತೇನೆ. ನಮ್ಮ ಟೈಲರ್ ನಾರಾಯಣಮ್ಮ ಒಂದು ಮಾತೂ ಆಡದೆ ಎರಡೂ ಕಡೆ ಬೇರೆ ಬೇರೆ ಕತ್ತರಿಸಿ ಹೊಲಿಯುತ್ತಿದ್ದರು. ಈಗ ಚಿಕ್ಕಬಾಣಾವರದಲ್ಲಿ ಮಗಳ ಮನೆ ಸೇರಿ ಹೊಲಿಗೆಯನ್ನೇ ಬಿಟ್ಟಿದ್ದಾರೆ. ಫೆಬ್ರವರಿ ಒಂದಕ್ಕೆ ನನ್ನ ಎಂಗೇಜ್‌ಮೆಂಟ್. ಒಳ್ಳೆ ಟೈಮ್ ನೋಡಿ ಕೈಕೊಟ್ಟರು!

ಜನವರಿ 22

ಯಲಹಂಕದಲ್ಲೇ ಹೊಸ ಟೈಲರ್, ರುಖ್ಸಾರ್. ನನ್ನದೇ ವಯಸ್ಸು, ಮಾತು ಪಟಪಟ.

“ಅಳತೆ ತಗೊಳ್ಲಾ ಮೇಡಂ?”

“ಬೇಡ ಬೇಡ, ಈ ಬ್ಲೌಸ್ ಥರಾನೇ ಹೊಲೀರಿ, ಸಾಕು.”

ಕೌಂಟರ್ ಮೇಲೆ ಇಟ್ಟು ಓಡಿ ಬಂದೆ. ಬಚಾವ್.

ಜನವರಿ 28, ಸಂಜೆ

ಬಚಾವೂ ಇಲ್ಲ, ಮಣ್ಣೂ ಇಲ್ಲ. ಟ್ರಯಲ್‌ಗೆ ಹೊರಟರೆ ಉಮೇಶನ ಅಮ್ಮ ಕೃಷ್ಣಮ್ಮನವರೂ ರಾಜಾನುಕುಂಟೆಯಿಂದ ಬಂದು ಜೊತೆಗೂಡಿದರು. ಅವರಿಗೂ ಬ್ಲೌಸ್ ಹೊಲಿಸಬೇಕಂತೆ. ಭಾವೀ ಅತ್ತೆ! ಬೇಡ ಎನ್ನಲಾದೀತೇ?

ಪರದೆ ಎಳೆದು ಹಾಕಿಕೊಂಡೆ. ಬಲಗಡೆ ಸರಿಯಾಗಿದೆ. ಎಡಗಡೆ ಎಷ್ಟು ಎಳೆದರೂ ಹುಕ್ ಸೇರುತ್ತಿಲ್ಲ.

“ಅಳತೆ ಬ್ಲೌಸ್ ಥರಾನೇ ಕಟ್ ಮಾಡಿದೀನಲ್ಲಾ ಮೇಡಂ!” ರುಖ್ಸಾರ್‌ಗೆ ಗಾಬರಿ.

“ಎರಡೂ ಕಡೆ ಅಳೆದ್ರಾ?”

“ಬಟ್ಟೆ ಮಡಚಿ ಕಟ್ ಮಾಡೋದಲ್ವಾ… ಬಲಗಡೆ ಒಂದೇ ಅಳೆದೆ. ಎಡಗಡೇದು ಹಾಕಿ ಹಾಕಿ ಲೂಸಾಗಿದೆ ಅಂದ್ಕೊಂಡೆ.”

ಪರದೆಯಾಚೆ ಅತ್ತೆ. ಹೇಳದಿದ್ದರೆ ಬ್ಲೌಸ್ ಇಲ್ಲ. ಹೇಳಿದರೆ ಮಾನ ಉಳಿಯುವುದಿಲ್ಲ… ಕಣ್ಣು ಮುಚ್ಚಿಕೊಂಡು ಹೇಳಿಯೇಬಿಟ್ಟೆ.

“ನನಗೆ ಎಡಗಡೆ ದೊಡ್ಡದು ರೀ. ಎರಡೂ ಕಡೆ ಬೇರೆ ಬೇರೆ ಅಳತೆ ಬೇಕು.”

ಪರದೆಯಾಚೆಯಿಂದ ಅತ್ತೆಯ ದನಿ:

“ಅಯ್ಯೋ ಮೋನಿಕಾ, ಟೈಲರಿಗೆ ಇಂಗೂ ಏಳ್ಬೌದಾ? ನಾನು ಇಷ್ಟು ವರ್ಸ ಒಂದ್ ಕಡೆ ಕರ್ಚೀಫ್ ತುರುಕ್ಕೊಂಡೇ ಮದ್ವೆಗ್ಳಿಗೆ ಓಗಿದ್ದೀನಲ್ಲವ್ವ! ಏ ಟೈಲರಮ್ಮ, ನಂಗೂ ಎಲ್ಡೂ ಕಡೆ ಅಳಿ.”

ನಕ್ಕು ನಕ್ಕು ಕಂಕುಳ ಹೊಲಿಗೆಯೂ ಬಿಟ್ಟಿತು. ರುಖ್ಸಾರ್ ಹೊಲಿಗೆಯ ಒಳಗೆ ಹೆಚ್ಚಿಗೆ ಬಟ್ಟೆ ಬಿಟ್ಟಿದ್ದಾಳೆ, ಬಿಚ್ಚಿ ದೊಡ್ಡದು ಮಾಡಿಕೊಡುತ್ತಾಳಂತೆ. ಟೇಪು ಹಿಡಿದಾಗ ನಾನು ಸಾಯಲೂ ಇಲ್ಲ.

ಫೆಬ್ರವರಿ 1, ಬೆಳಗ್ಗೆ

ಬ್ಲೌಸ್ ಎಷ್ಟು ಚೆನ್ನಾಗಿ ಕೂತಿದೆ! ಕೈ ಎತ್ತಿದೆ, ಬಗ್ಗಿದೆ, ಒಂದು ಸುತ್ತು ಕುಣಿದೂ ನೋಡಿದೆ. ಇಷ್ಟು ಖುಷಿ ಉಂಗುರ ನೋಡಿದಾಗಲೂ ಆಗಿರಲಿಲ್ಲ, ಉಮೇಶನಿಗೆ ಹೇಳಬಾರದು. ಯಾರೋ ಬಾಗಿಲು ಬಡಿಯುತ್ತಿದ್ದಾರೆ. ಅತ್ತೆ! ಹಿಂದೆ ಅವರ ತಂಗಿಯರ ದಂಡೇ ಇರಬೇಕು, ಒಂದೇ ಗುಸುಗುಸು.

“ಬಾಗ್ಲು ತೆಗಿಯವ್ವ, ಆ ಟೈಲರಮ್ಮನ ನಂಬರ್ ಕೊಡು… ಇವ್ರೆಲ್ಲಾರ್‌ಗೂ ಬೇಕಂತೆ!”

ಬಂದೆ ಅತ್ತೆ, ಬಂ—