ವರ್ಗವಾಗಿದೆ ಅಂದುಬಿಡಿ

ಏಪ್ರಿಲ್ ೧೧, ಮಂಗಳವಾರ

ಮಗಳೇ,

ಹೇಗಿದ್ದೀಯ? ಪುಟ್ಟಿಯ ಕೆಮ್ಮು ಬಿಟ್ಟಿತೇ? ನಿನ್ನ ಎರಡು ಕಾಗದಕ್ಕೂ ಸೇರಿಸಿ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನುತ್ತೀಯ. ಫೋನಿನಲ್ಲಿ ನೀನು "ಏನಾಯ್ತು ಅತ್ತೆ, ಯಾರಾದ್ರೂ ಒಪ್ಪಿದ್ರಾ?" ಅಂದ ಕೂಡಲೇ ಪುಟ್ಟಿಗೆ ಕೊಡು ಅಂದುಬಿಡುತ್ತೇನೆ. ನನ್ನ ಬರವಣಿಗೆ ಗೊತ್ತಲ್ಲ, ನಿನ್ನ ಗಂಡ ಒಂದನೇ ಕ್ಲಾಸಿನಲ್ಲಿ ಅಕ್ಷರ ತಿದ್ದುವಾಗ ಪಕ್ಕದಲ್ಲಿ ಬಟ್ಟೆ ಹೊಲಿಯುತ್ತ ಕೂತು ಕಲಿತದ್ದು. ಎಲ್ಲಿ ಒತ್ತು ಬಿಟ್ಟಿದೆಯೋ ಅಲ್ಲಿ ನೀನೇ ಹಾಕಿಕೊಂಡು ಓದು.

ಸುದ್ದಿ ಮೊದಲು ಹೇಳಿಬಿಡುತ್ತೇನೆ. ಫ್ಲ್ಯಾಟು ಇನ್ನೂ ಹೋಗಿಲ್ಲ. ಎಂಟು ದಿನಕ್ಕೋ ಹತ್ತು ದಿನಕ್ಕೋ ಒಬ್ಬರು ಬರುತ್ತಾರೆ, ನೋಡುತ್ತಾರೆ, "ಹೇಳ್ತೀವಿ" ಅಂತ ಹೋಗುತ್ತಾರೆ. ಒಬ್ಬ ಮಹಾರಾಯ ನಲ್ಲಿಗಳನ್ನೆಲ್ಲ ತಿರುಗಿಸಿ ನೋಡಿ, ಬಚ್ಚಲಿನದನ್ನು ತೊಟ್ಟಿಕ್ಕುತ್ತ ಬಿಟ್ಟು ಹೋದ. ಒಬ್ಬ ಹುಡುಗಿ ಅಡುಗೆಮನೆಯಲ್ಲಿ ನಿಂತು "ಇಲ್ಲಿ ಇಬ್ಬರು ನಿಲ್ಲೋಕೂ ಆಗಲ್ವಲ್ಲ" ಅಂದಳು. ಹಿಂದಿನಿಂದ ಅವಳ ಅತ್ತೆ, "ಒಳ್ಳೇದೇ ಆಯ್ತು ಬಿಡು, ನೀನೊಬ್ಬಳೇ ನಿಂತ್ಕೋ" ಅಂದಳು. ನನಗೆ ನಗು ತಡೆಯಲಾಗಲಿಲ್ಲ. ನಾವಿಬ್ಬರೂ ಅದೇ ಜಾಗದಲ್ಲಿ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಇಷ್ಟು ವರ್ಷ ಬೇಯಿಸಿ ಹಾಕಲಿಲ್ಲವೇ?

ದಲ್ಲಾಳಿ ತನ್ನ ಕೈಲಾದದ್ದು ಮಾಡುತ್ತಾನೆ, ಪಾಪ. ಲಿಫ್ಟು ಕೆಟ್ಟು ನಿಂತಿದ್ದರೆ "ಮೆಟ್ಟಿಲು ಹತ್ತಿದ್ರೆ ಡಾಕ್ಟ್ರ ಖರ್ಚು ಉಳೀತು ಸಾರ್" ಅನ್ನುತ್ತಾನೆ. "ಏನ್ರೀ, ಕಿಟಕಿ ತೆಗೆದ್ರೆ ಬರೀ ಗೋಡೆ!" ಅಂದವರಿಗೆ, "ಇಣುಕಿ ನೋಡೋರಿಲ್ಲ ಸಾರ್, ಲುಂಗಿ ಜಾರಿದ್ರೂ ಚಿಂತೆ ಇಲ್ಲ" ಅಂದ. ಅವರು ನಕ್ಕರು, ಆದರೆ ಮತ್ತೆ ಬರಲಿಲ್ಲ.

ಲಿಫ್ಟು, ಗೋಡೆ ಹೇಗೋ ಆಗುತ್ತಿತ್ತು. ಬಂದವರೆಲ್ಲ ಕೇಳುವ ಪ್ರಶ್ನೆ ಒಂದಿದೆ: "ಯಾಕೆ ಮಾರ್ತಿದ್ದೀರಿ?" ಮೊದಮೊದಲು ಅದನ್ನು ಕೇಳಿದರೆ ಒಲೆಯ ಮೇಲೆ ಏನೋ ಇಟ್ಟವಳಂತೆ ಒಳಗೆ ಹೋಗಿ ನಿಂತುಬಿಡುತ್ತಿದ್ದೆ. ಅವರು ಮುಖ ಮುಖ ನೋಡಿಕೊಂಡು ಇಳಿದು ಹೋಗುತ್ತಿದ್ದರು. ಒಂದು ದಿನ ದಲ್ಲಾಳಿ ಕೂರಿಸಿಕೊಂಡು ಹೇಳಿದ: "ಅಮ್ಮಾ, ಹೀಗಾದ್ರೆ ಮನೆ ಮಾರಿದ ಹಾಗೇ! ಮಗ ತೀರ್ಕೊಂಡ್ರು ಅಂತ ಮಾತ್ರ ಬಾಯಿ ಬಿಡ್ಬೇಡಿ. ಆಸ್ಪತ್ರೇಲಿ ಆಗಿದ್ದು ಅಂತ ನಮಗೆ ಗೊತ್ತು, ಅವರಿಗೇನು ಗೊತ್ತು? ಈ ಮನೇಲೇ ಏನೋ ಆಯ್ತು ಅಂತ ಓಡ್ತಾರೆ. ವರ್ಗವಾಗಿದೆ ಅಂದುಬಿಡಿ. ಕಾಗದಪತ್ರದ ಹೊತ್ತಿಗೆ ನಾನು ನಿಧಾನಕ್ಕೆ ಹೇಳ್ಕೋತೀನಿ."

ಮೊದಲ ಸಲ ಹೇಳುವಾಗ ನಾಲಿಗೆ ಹೊರಳಲಿಲ್ಲ. ಎರಡನೇ ಸಲ ಬಂದಾಕೆ "ಯಾವ ಕಡೆಗೆ ವರ್ಗ?" ಅಂದಳು. "ದೂರ, ಸಮುದ್ರದ ಹತ್ತಿರ" ಅಂದೆ. ಅದು ಎಲ್ಲಿಂದ ಬಂತೋ ಕಾಣೆ. "ಊಟಕ್ಕೆ ಏನು ಮಾಡ್ತಾರೆ?" ಅಂದಳು. "ಹೋಟೆಲ್ ಊಟ, ಸ್ವಲ್ಪ ಇಳಿದುಹೋಗಿದ್ದಾನೆ" ಅಂದೆ. ಹಾಗಂದ ಮೇಲೆ ಎರಡು ದಿನ ನನಗೇ ಊಟ ಸೇರಲಿಲ್ಲ. ಆಮೇಲೆ ಬಂದವರಿಗೆ "ಈಗ ಅಡುಗೆಯವಳು ಸಿಕ್ಕಿದ್ದಾಳೆ, ಮೈ ಕೈ ತುಂಬಿಕೊಂಡಿದ್ದಾನೆ" ಅಂದೆ. ದಿನಾ ಸಂಜೆ ಫೋನ್ ಮಾಡುತ್ತಾನೆ ಅಂದೆ. ಮಾತ್ರೆ ತಗೊಂಡ್ಯಾ ಅಂತ ಗದರುತ್ತಾನೆ ಅಂದೆ.

ಅಲ್ಲಿ ನೀನು ಅಣ್ಣನ ಮನೆಯ ಒಂದು ಕೋಣೆಯಲ್ಲಿ, ಪುಟ್ಟಿಗೆ ಓಡಬೇಡ, ಕೂಗಬೇಡ ಅನ್ನುತ್ತ ದಿನ ತಳ್ಳುತ್ತಿದ್ದೀಯ. ಇದು ಮಾರಿದರೆ ತಾನೇ ನಿನ್ನ ಕೆಲಸದ ಹತ್ತಿರ ಒಂದು ಸೂರು ಆಗುವುದು? ಅದನ್ನೆಲ್ಲ ಬಲ್ಲೆ. ಆದರೂ ಒಬ್ಬರು ಬೇಡ ಅಂತ ಹೇಳಿ ಕಳಿಸಿದರೆ ನನಗೆ ಬೇಜಾರಾಗುತ್ತಿರಲಿಲ್ಲ. ಇನ್ಯಾರೋ ಬರುತ್ತಾರಲ್ಲ, ಮತ್ತೆ ಅವನ ವಿಷಯ ಕೇಳುತ್ತಾರಲ್ಲ ಅನ್ನಿಸುತ್ತಿತ್ತು. ಬರುತ್ತಾರೆ ಅಂದ ದಿನ ಬೆಳಿಗ್ಗೆಯೇ ತಲೆ ಬಾಚಿಕೊಂಡು ಕೂತಿರುತ್ತಿದ್ದೆ.

ಮೊನ್ನೆ ಭಾನುವಾರ ಬಂದವರು ಒಬ್ಬ ನರ್ಸು, ಅವಳ ಗಂಡ. ಅವರಿಗೆ ಮನೆ ನಿಜವಾಗಿ ಹಿಡಿಸಿತು. ಗೋಡೆ ಕಾಣುವ ಕಿಟಕಿಯನ್ನೂ ನರ್ಸು, "ರಾತ್ರಿ ಪಾಳಿ ಮುಗಿಸಿ ಬಂದು ಮಲಗೋಳಿಗೆ ಬೆಳಕು ಬೀಳದಿದ್ರೇನೇ ಚೆನ್ನ" ಅಂದಳು. ದಲ್ಲಾಳಿ ನನ್ನತ್ತ ಕಣ್ಣು ಮಿಟುಕಿಸಿದ. ಗಂಡ ಸ್ವಿಚ್ಚುಗಳನ್ನೆಲ್ಲ ನೋಡಿ "ವೈರಿಂಗ್ ಯಾರು ಮಾಡಿದ್ದಮ್ಮ? ಕೆಲಸ ಚೊಕ್ಕವಾಗಿದೆ" ಅಂದ. "ನನ್ನ ಮಗನೇ" ಅಂದೆ, ಎದೆಯುಬ್ಬಿಸಿಕೊಂಡು. "ಒಳಗಿನ ಲೈನು ಹೇಗೆ ಎಳೆದಿದ್ದಾರೆ ಅಂತ ಕೇಳ್ಬೇಕಿತ್ತು. ನಂಬರ್ ಕೊಡ್ತೀರಾ?" ಅಂದ.

ಡ್ಯೂಟಿಯಲ್ಲಿದ್ದಾನೆ ಅನ್ನಬಹುದಿತ್ತು. ಅವನ ನಂಬರು ನನಗೆ ಬಾಯಿಪಾಠ ನೋಡು, ಯೋಚಿಸುವ ಮೊದಲೇ ಹೇಳಿಬಿಟ್ಟಿದ್ದೆ. ನರ್ಸಿನ ಗಂಡ ಅಲ್ಲೇ ನಿಂತು ಫೋನ್ ಮಾಡಿದ. ನಾನು ಏನನ್ನು ಕಾಯುತ್ತಿದ್ದೆನೋ ದೇವರೇ ಬಲ್ಲ, ಅವನ ಕಿವಿಯನ್ನೇ ನೋಡುತ್ತ ನಿಂತಿದ್ದೆ. "ಈ ನಂಬರ್ ಚಾಲ್ತಿಯಲ್ಲಿ ಇಲ್ಲ ಅಂತಿದೆಯಲ್ಲ?" ಅಂದ. "ಅಲ್ಲಿ ಸಿಗ್ನಲ್ ಸಿಗಲ್ಲಪ್ಪ, ಸಮುದ್ರದ ಗಾಳಿ" ಅಂದೆ.

ನರ್ಸು ಗಂಡನ ಕೈಯಿಂದ ಫೋನು ತೆಗೆದುಕೊಂಡಳು. ನನ್ನ ಮುಖವನ್ನೇ ನೋಡಿದಳು. ಹತ್ತಿರ ಬಂದು ಮೆಲ್ಲಗೆ, "ಯಾವಾಗ ಆಯ್ತಮ್ಮಾ?" ಅಂದಳು.

ನಾನು ದಲ್ಲಾಳಿಯತ್ತ ತಿರುಗಿದೆ. ದಲ್ಲಾಳಿಯೇ ತಡವರಿಸುತ್ತ ಎಲ್ಲ ಹೇಳಿದ. ಗಂಡ ಕಿಡಿಕಿಡಿಯಾದ. "ಇಷ್ಟು ದೊಡ್ಡ ವಿಷಯಾನೇ ಮುಚ್ಚಿಟ್ರಿ, ಇನ್ನೇನೇನು ಮುಚ್ಚಿಟ್ಟಿದ್ದೀರೋ! ಸಾವಿಗೆ ಹೆದರೋರಲ್ಲ ನಾವು, ಸುಳ್ಳಿಗೆ ಹೆದರ್ತೀವಿ" ಅಂತ ಇಳಿದೇಬಿಟ್ಟ. ಅವಳು ನನ್ನ ಕೈ ಒಮ್ಮೆ ಒತ್ತಿ ಹಿಂದೆಯೇ ಹೋದಳು. ಕಂಡ ಗಿರಾಕಿಗಳಲ್ಲೆಲ್ಲ ಗಟ್ಟಿ ಗಿರಾಕಿ ಹೀಗೆ ಕೈತಪ್ಪಿತು. ನಿನ್ನ ಸೂರನ್ನು ನಾನೇ ಕಿತ್ತ ಹಾಗಾಯಿತು.

ದಲ್ಲಾಳಿ ಮೆಟ್ಟಿಲ ಮೇಲೆ ತಲೆ ಹಿಡಿದು ಕೂತು "ತಪ್ಪು ನಂದೇ ಅಮ್ಮ" ಅಂದ. "ಹೇಳಿಕೊಟ್ಟವನು ನೀನು, ಬೆಳೆಸಿದವಳು ನಾನು. ಏಳಪ್ಪ, ಟೀ ಕುಡಿ" ಅಂದೆ. ಗುರುವಾರ ಇನ್ನೊಂದು ಕುಟುಂಬ ಬರುತ್ತದಂತೆ. "ನೀವು ಅವತ್ತು ತಂಗಿ ಮನೆಗೆ ಹೋಗಿಬಿಡಿ, ನಾನು ತೋರಿಸ್ತೀನಿ" ಅಂದ. ಬೇಡ ಅಂದೆ. ಅವರು ಕೇಳಿದರೆ ನಿಜವನ್ನು ನಾನೇ ಹೇಳುತ್ತೇನೆ. ಕೇಳದಿದ್ದರೂ ಹೇಳುತ್ತೇನೆ. ಬೇಡ ಅಂದರೆ ಅಂದಾರು, ಒಪ್ಪುವವರು ತಿಳಿದು ಒಪ್ಪಲಿ.

ನನ್ನ ಮೇಲೆ ಸಿಟ್ಟು ಬಂದಿದ್ದರೆ ಇಟ್ಟುಕೋ, ಆದರೆ ಅದಕ್ಕಾಗಿ ಊಟ ಬಿಡಬೇಡ. ಅತ್ತಿಗೆಯ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡು. ಪುಟ್ಟಿಗೆ ಅಜ್ಜಿಯ ಮುತ್ತು. ನೀನು ಬೇಗ ನಿನ್ನ ಕಾಲ ಮೇಲೆ, ನಿನ್ನ ಹೊಸಿಲೊಳಗೆ ನಿಲ್ಲುವಂತಾಗಲಿ, ಮತ್ತೆ ಹೊಟ್ಟೆ ತುಂಬ ನಗುವಂತಾಗಲಿ.

ಇಂತಿ,
ನಿನ್ನ ಅತ್ತೆ

ಮರೆತ ಮಾತು: ಮಡಿಸಿದ ಕಾಗದವನ್ನು ಮತ್ತೆ ಬಿಡಿಸಿದೆ. ನಾನೇ ಹೇಳುತ್ತೇನೆ ಅಂತ ಜಂಬ ಕೊಚ್ಚಿದೆನಲ್ಲ, ನಿನ್ನೆಯಿಂದ ಹೇಳಿ ನೋಡುತ್ತಿದ್ದೇನೆ, ಬಾಯಿಗೆ ಬರುತ್ತಿಲ್ಲ. ಯಾಕೆ ಅಂತ ಈಗ ಹೊಳೆಯಿತು. ಆ ಮಾತನ್ನು ನಾನು ಇವತ್ತಿನವರೆಗೂ ಆಡಿಯೇ ಇಲ್ಲ ಮಗಳೇ. ಅವತ್ತು ಡಾಕ್ಟರು ನಿನಗೆ ಹೇಳಿದರು. ನೆಂಟರಿಗೆಲ್ಲ ನಿನ್ನ ಅಣ್ಣ ಹೇಳಿದ. ಪುಟ್ಟಿಗೆ ನೀನು ಎದೆ ಕಲ್ಲು ಮಾಡಿಕೊಂಡು ಹೇಳಿದೆ. ಅಮ್ಮನಿಗೆ ತೊಂದರೆ ಕೊಡಬೇಡಿ ಅಂತ ಎಲ್ಲರೂ ನನ್ನನ್ನು ಬಿಟ್ಟರು, ನಾನೂ ಬಚಾವಾದೆ ಅಂದುಕೊಂಡೆ. ಈ ಕಾಗದದಲ್ಲೂ ದಲ್ಲಾಳಿಯ ಬಾಯಲ್ಲಿ ಹೇಳಿಸಿ ಜಾರಿಕೊಂಡೆ. ಈಗ ನನ್ನ ಕೈಯಲ್ಲೇ ಬರೆಯುತ್ತೇನೆ.

ನನ್ನ ಮಗ ತೀರಿಕೊಂಡಿದ್ದಾನೆ.

ಬರೆದದ್ದಾಯಿತು. ಇದು ನಿನ್ನ ಕೈ ಸೇರುವ ಹೊತ್ತಿಗೆ ಗುರುವಾರ ಕಳೆದಿರುತ್ತದೆ, ಯಾರದೋ ಎದುರು ಬಾಯಿಬಿಟ್ಟು ಹೇಳಿರುತ್ತೇನೆ. ಆಮೇಲೆ ಅವನು ಯಾವ ಊರಿನಲ್ಲೂ ಇರುವುದಿಲ್ಲ.