ನನ್ನ ಉತ್ತರಕ್ಕೆ ಅಂಟಿಸಿದ ಪ್ರಶ್ನೆ

ಚುನಾವಣೆ ಹೊತ್ತಿನಲ್ಲಿ ಸುದ್ದಿ, ವಿಡಿಯೊಗಳ ಮೇಲೆ ಕಣ್ಣಿಡಲು ನೇಮಕಗೊಂಡ ಮಾನ್ಯ ಅಧಿಕಾರಿಗಳೇ,

ನಾನು ಆಡದ ಮಾತಿಗೆ ನನ್ನ ಗೆಳತಿಯನ್ನು ಕಳಕೊಂಡು ಕೂತಿದ್ದೇನೆ. ನಿಮ್ಮ ಕಚೇರಿ 'ದೂರು ವಿಲೇವಾರಿಯಾಗಿದೆ' ಎಂದು ಮೊಬೈಲಿಗೆ ಸಂದೇಶ ಕಳಿಸಿ ಕೈ ತೊಳೆದುಕೊಂಡಿದೆ. ಏನು ವಿಲೇವಾರಿಯಾಯ್ತು ಸ್ವಾಮಿ? ಅದನ್ನಾದರೂ ತಿಳಿಸಿ.

ನಾನು ನಿಟ್ಟುವಳ್ಳಿಯಲ್ಲಿ ಬ್ಲೌಸ್ ಹೊಲಿಯುವವಳು. ಎದುರು ಮನೆಯ ಜೈನಾಬಿ ಸೀರೆಗೆ ಕುಚ್ಚು ಹಾಕುತ್ತಾಳೆ. ನನ್ನ ಹತ್ತಿರ ಬಂದ ಸೀರೆಯ ಸೆರಗು ಅವಳ ಕೈಯಲ್ಲೇ ಮುಗಿಯಬೇಕು. ಅವಳ ಮಗಳು ಇರಮ್ ಹುಟ್ಟುವ ಮೊದಲಿನಿಂದಲೂ ಹೀಗೇ ನಡೆದಿದೆ. ಮತದಾನಕ್ಕೆ ವಾರವಿರುವಾಗ ಯಾವುದೋ ಯೂಟ್ಯೂಬ್ ಚಾನೆಲ್ಲಿನವನು ಮೈಕ್ ಹಿಡಿದು ಬಂದ. ನಮ್ಮ ಓಣಿಗೆ ಅಡ್ಡಾದಿಡ್ಡಿ ನುಗ್ಗುವ ಜಲ್ಲಿ ಲಾರಿಯವರ ಬಗ್ಗೆ ಕೇಳಿದ. "ಅವರ್ನ ಈ ಓಣಿಗೆ ಬಿಡಬಾರ್ದ್ರಿ, ಮಕ್ಕಳು ಮರಿ ಇರೋ ಜಾಗ ಇದು" ಅಂದೆ. ಸಿಟ್ಟಿನಿಂದಲೇ ಅಂದೆ.

ವಿಡಿಯೊದಲ್ಲಿ ಲಾರಿಯೇ ಇಲ್ಲ! "ಸಾಬ್ರಿಗೆ ನಿಮ್ಮ ಓಣ್ಯಾಗೆ ಮನೆ ಕೊಡಬಹುದಾ?" ಎಂದು ಅವನ ದನಿ ಕೇಳುತ್ತದೆ. ಆಮೇಲೆ ನನ್ನ ಮುಖ, ನನ್ನ ಸಿಟ್ಟು, ನನ್ನ ಉತ್ತರ. ಕೆಳಗೆ ಒಬ್ಬ ಅಭ್ಯರ್ಥಿಯ ಫೋಟೊ, 'ದಾವಣಗೆರೆ ತಾಯಂದಿರ ತೀರ್ಪು' ಎಂಬ ಒಕ್ಕಣೆ. ತೀರ್ಪು ಕೊಡಲು ನನ್ನನ್ನು ಯಾವಾಗ ಕೂರಿಸಿದರೋ!

ಮೊದಲ ಫೋನ್ ಬಂದದ್ದು ಹರಿಹರದಿಂದ, ಅಲ್ಲಿಗೆ ಮದುವೆಯಾಗಿ ಹೋದ ಇರಮ್‌ಳದು. "ಆಂಟಿ, ನೀವು ಹಿಂಗಂದ್ರಾ?" ಅವಳ ಮದುವೆ ಬ್ಲೌಸ್ ಹೊಲಿದವಳು ನಾನು. ಇಲ್ಲ ಕಣಮ್ಮ ಅಂದರೆ, "ನಿಮ್ದೇ ದನಿ ಐತಲ್ಲ ಆಂಟಿ" ಅಂದು ಅತ್ತಳು. ಸಂಜೆ ಜೈನಾಬಿ ಅರ್ಧ ಕುಚ್ಚು ಹಾಕಿದ್ದ ಸೀರೆಯನ್ನು ತಂದು ಮೆಷಿನ್ ಮೇಲೆ ಇಟ್ಟಳು. "ಉಳಿದಿದ್ದು ಬ್ಯಾರೆಯೋರ ಕೈಲಿ ಹಾಕಿಸ್ಕ ಅಕ್ಕಾ" ಅಂದಳು. ಕೂತ್ಕಳೇ, ಚಾ ಇಡ್ತೀನಿ ಅಂದೆ. ಕೂರಲಿಲ್ಲ.

ಇದಕ್ಕಿಂತ ಹೆದರಿಕೆ ಹುಟ್ಟಿಸಿದ್ದು ಇನ್ನೊಂದು. ಪಿ.ಜೆ. ಬಡಾವಣೆಯ ಗಿರಾಕಿಯೊಬ್ಬರು ಬಂದು, "ಧೈರ್ಯವಾಗಿ ಹೇಳಿದ್ರಿ ಬಿಡ್ರಿ ಭುವನಕ್ಕ, ಈ ಸಲ ನಮ್ಮ ಮನೆ ವೋಟೆಲ್ಲ ಅತ್ಲಾಗೇ" ಎಂದರು. ನನ್ನದು ಒಂದು ವೋಟು ಅಂದುಕೊಂಡಿದ್ದೆ. ನನಗೇ ಗೊತ್ತಿಲ್ಲದೆ ಎಷ್ಟು ಮನೆಯ ವೋಟು ಹಾಕಿಸಿದೆ ಸ್ವಾಮಿ?

ವಿಡಿಯೊವನ್ನು ತೆಗೆಸಿದಿರಿ, ಮತದಾನ ಮುಗಿದ ಮೇಲೆ. ಜನರ ಫೋನುಗಳಿಂದಲೂ ಹೋಯಿತೇ? ಜೈನಾಬಿಯ ಎದೆಯಿಂದ? "ಸುಳ್ಳು ಸುದ್ದಿ ನಂಬಬೇಡಿ ಅಂತ ನಾವೂ ಪೋಸ್ಟ್ ಹಾಕಿದೀವಲ್ಲಮ್ಮ" ಎಂದರು ನಿಮ್ಮ ಸಿಬ್ಬಂದಿ. ಹಾಕಿದ್ದೀರಿ, ನೋಡಿದೆ. ಬಹುಶಃ ನಾನೊಬ್ಬಳೇ ನೋಡಿದ್ದು.

ಆ ಚಾನೆಲ್ಲಿನವನನ್ನು ಕಾನೂನು ನೋಡಿಕೊಳ್ಳಲಿ. ನನ್ನದು ಒಂದೇ ಬೇಡಿಕೆ. 'ತಪ್ಪದೇ ಮತ ಹಾಕಿ' ಎಂದು ಮೈಕ್ ಕಟ್ಟಿಕೊಂಡು ದಿನಾ ನಮ್ಮ ಓಣಿಗೆ ಬರುತ್ತಿತ್ತಲ್ಲ ಆಟೋ, ಅದನ್ನು ಇನ್ನೊಮ್ಮೆ ಕಳಿಸಿ. ಜೈನಾಬಿಯ ಬಾಗಿಲ ಮುಂದೆ ನಿಲ್ಲಿಸಿ, 'ಭುವನೇಶ್ವರಿ ಆ ಮಾತು ಆಡಿಲ್ಲ' ಎಂದು ಗಟ್ಟಿಯಾಗಿ ಹೇಳಿಸಿ. ನಾನೇ ಹೇಳಿದರೆ ನಂಬುವುದಿಲ್ಲ. ನನ್ನ ಬಾಯಿಂದ ಬಂದದ್ದನ್ನು ಅವಳು ಆಗಲೇ ಕೇಳಿದ್ದಾಳೆ. ಆ ಸೀರೆಯ ಗಿರಾಕಿ ದಿನಾ ಬಂದು ಬೈಯುತ್ತಾಳೆ. ಬೈಯಲಿ, ಅರ್ಧ ಕುಚ್ಚಿನ ಸೀರೆಯನ್ನು ನಾನಿನ್ನೂ ಬೇರೆಯವರ ಕೈಗೆ ಕೊಟ್ಟಿಲ್ಲ.

ಇಂತಿ,
ಲಾರಿಯವರನ್ನಷ್ಟೇ ಬೈದಿದ್ದ
ಭುವನೇಶ್ವರಿ, ನಿಟ್ಟುವಳ್ಳಿ
(ಲಾರಿಗಳು ಈಗಲೂ ಬರುತ್ತಿವೆ.)